ಸಿಯೋನೆಯ ಎಡಗಾಲು

ಹೋದ ತಿಂಗಳು ಮಗಳ ನೆಟ್‌ಬಾಲ್ ಪಂದ್ಯಕ್ಕೆಂದು ಮೆಲ್ಬರ್ನಿಗೆ ಹೋಗಿದ್ದೆ. ಅವಳು ಮರೆತುಬಂದ ನೀರಿನ ಬಾಟಲಿ ಕೊಡಲು ಆಟಗಾರರ ಕೋಣೆಯ ಬಾಗಿಲು ತಳ್ಳಿದೆ ನೋಡಿ, ನೀಲಗಿರಿ ಎಣ್ಣೆ ಬೆರೆತ ನೋವಿನ ಮುಲಾಮಿನ ವಾಸನೆ ಮುಖಕ್ಕೆ ರಾಚಿತು. ಬಾಟಲಿಯನ್ನು ಅವಳ ಕೈಗಿಟ್ಟು ಹೊರಗೆ ಬಂದು ಬೆಂಚಿನ ಮೇಲೆ ಕೂತುಬಿಟ್ಟೆ. ಪಂದ್ಯ ಶುರುವಾದದ್ದೂ ತಿಳಿಯಲಿಲ್ಲ. ಮಗಳು ಇನ್ನೂ ಪ್ರೀಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ, ನಾರ್ತ್ ಸಿಡ್ನಿಯ ಒಂದು ಆಫೀಸಿನಲ್ಲಿ, ಇದೇ ವಾಸನೆಯ ನಡುವೆ ಕೂತು ನಾನು ಒಂದು ಇಡೀ ಬೇಸಿಗೆ ಒಬ್ಬ ಹುಡುಗನ ಕಾಲುಗಳನ್ನು ನೋಡಿದ್ದೆ. ದಣಿವು ಅಂದರೆ ನನಗೆ ಇವತ್ತಿಗೂ ಆ ಬೇಸಿಗೆಯೇ.

ಕೆಲಸ ಏನೆಂದು ಹೇಳಿದರೆ ಆಗ ಯಾರೂ ನಂಬುತ್ತಿರಲಿಲ್ಲ. ಸಿಡ್ನಿಯ ಹೊರವಲಯದ ಟೂಂಗಾಬಿಯಲ್ಲಿ, ನಾವಿದ್ದ ಬಡಾವಣೆಯ ನಮ್ಮವರ ಮನೆಗಳಲ್ಲಿ ಊಟಕ್ಕೆ ಸೇರಿದಾಗ ಒಬ್ಬರು ಬ್ಯಾಂಕು, ಒಬ್ಬರು ಟೆಸ್ಟಿಂಗು, ಒಬ್ಬರು ಡೇಟಾಬೇಸು ಎನ್ನುತ್ತಿದ್ದರು. ನನ್ನ ಸರದಿ ಬಂದಾಗ ನನ್ನ ಗಂಡ ಸುಧಾಕರ್ ಮೊದಲೇ ನಗಲು ತಯಾರಾಗಿರುತ್ತಿದ್ದರು. ಅವರು ಉಡುಪಿಯವರು, ಮನೆಮಾತು ತುಳು, ನಾನು ಧಾರವಾಡದವಳು. "ನಮ್ಮ ಶೈಲಾಗೆ ಫುಟ್‌ಬಾಲ್ ನೋಡಿದ್ದಕ್ಕೆ ಸಂಬಳ ಕೊಡ್ತಾರೆ ಮಾರಾಯ್ರೆ. ನಾವು ನೋಡಿದ್ರೆ ಬೈಗುಳ ಮಾತ್ರ ಸಿಗುವುದು" ಎಂದು ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. ನಾನು ನಗುತ್ತಿರಲಿಲ್ಲ. ನೋಡಿ ನೋಡಿ ಕಣ್ಣು ಉರಿಯುತ್ತಿತ್ತು.

ನಮ್ಮದು ಸಣ್ಣ ಕಂಪನಿ. ಆಟದ ವಿಡಿಯೊಗಳನ್ನು ತುಂಡು ತುಂಡಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ ಯಾವ ಆಟಗಾರ ಏನು ಮಾಡಿದ ಎಂದು ಗುರುತು ಹಾಕಿ, ಕೊನೆಗೆ ಅವನ ಬಗ್ಗೆ ಒಂದು ವರದಿ ಬರೆದು ತಂಡಗಳಿಗೆ ಕೊಡುವುದು. ಮೊದಲು ಇಲ್ಲಿನ ಫುಟಿ, ಅಂದರೆ ಆಸ್ಟ್ರೇಲಿಯದ ಫುಟ್‌ಬಾಲ್, ತಂಡಗಳಿಗೆ ಮಾಡುತ್ತಿದ್ದರು. ಆಮೇಲೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿನ ಒಂದೆರಡು ವೃತ್ತಿಪರ ತಂಡಗಳ ಕೆಲಸವೂ ಸಿಕ್ಕಿತು. ಅಲ್ಲಿ ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಡ್ರಾಫ್ಟ್ ನಡೆಯುತ್ತದೆ. ಕಾಲೇಜಿನಲ್ಲಿ ಆಡಿ ಮುಗಿಸಿದ ಹುಡುಗರನ್ನು ತಂಡಗಳು ಸರದಿಯ ಮೇಲೆ ಒಬ್ಬೊಬ್ಬರಾಗಿ ಆರಿಸಿಕೊಳ್ಳುತ್ತವೆ. ಹೆಸರು ಕೂಗಿದರೆ ಬದುಕು ಒಂದು ತರಹ, ಕೂಗದಿದ್ದರೆ ಇನ್ನೊಂದು ತರಹ. ನನ್ನ ಪಾಲಿಗೆ ಬಂದದ್ದು ರನ್ನಿಂಗ್ ಬ್ಯಾಕ್‌ಗಳು, ಅಂದರೆ ಚೆಂಡನ್ನು ಬಗಲಿಗೆ ಅವುಚಿಕೊಂಡು, ಎದುರಿಗೆ ಗೋಡೆ ಕಟ್ಟಿ ನಿಂತವರ ನಡುವೆ ಸಂದಿ ಹುಡುಕಿ ನುಗ್ಗುವವರು.

ಆ ಆಟದ ಗಂಧಗಾಳಿ ಇಲ್ಲದ ನನಗೆ ಕೆಲಸ ಕೊಟ್ಟವನು ಗ್ರೆಗ್. ಒಂದು ಕಾಲಕ್ಕೆ ಅವನೂ ಫುಟಿ ಆಡಿದ್ದವನೇ. ಎರಡೂ ಮಂಡಿಗಳನ್ನು ಆಟಕ್ಕೆ ಕೊಟ್ಟು ಬಂದಿದ್ದ. ದಿನಾ ಬೆಳಿಗ್ಗೆ ಪ್ಯಾಂಟು ಮೇಲಕ್ಕೆ ಸರಿಸಿಕೊಂಡು ಆಫೀಸಿನಲ್ಲೇ ಮುಲಾಮು ತಿಕ್ಕಿಕೊಳ್ಳುತ್ತಿದ್ದ. ಇಂಟರ್‌ವ್ಯೂನಲ್ಲಿ, ನೀನು ಯಾವುದಾದರೂ ಆಟ ಆಡಿದ್ದೀಯಾ ಎಂದು ಕೇಳಿದಾಗ ಖೋ-ಖೋ ಎಂದೆ. ಅದೇನೆಂದು ವಿವರಿಸಲು ಎದ್ದು ನಿಂತು, ಅವನ ಮೇಜಿನ ಸುತ್ತ ಸೀರೆಯಲ್ಲೇ ಎರಡು ಸುತ್ತು ತಪ್ಪಿಸಿಕೊಂಡು ಓಡಿ ತೋರಿಸಿದೆ. ಬೆನ್ನಟ್ಟುವವಳಿಗೆ ಒಂದು ಕಡೆ ಆಸೆ ತೋರಿಸಿ ಇನ್ನೊಂದು ಕಡೆ ಜಾರಿಕೊಳ್ಳುವುದೇ ಖೋ-ಖೋ. ರನ್ನಿಂಗ್ ಬ್ಯಾಕ್ ಮಾಡುವುದೂ ಬಹುಪಾಲು ಅದೇ. ಗ್ರೆಗ್‌ಗೆ ಅಷ್ಟು ಸಾಕಾಯಿತು.

ನಾನು ನೋಡುವ ಕ್ರಮ ಬೇರೆ ಇತ್ತು. ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟು ಕತ್ತರಿಸಿ ಮಾನಿಟರಿನ ಮೇಲರ್ಧಕ್ಕೆ ಅಂಟಿಸುತ್ತಿದ್ದೆ. ಮುಖ, ಭುಜ, ಚೆಂಡು ಒಂದೂ ಕಾಣಬಾರದು, ಬರೀ ಕಾಲು ಕಾಣಬೇಕು. ಆಮೇಲೆ ರಟ್ಟು ತೆಗೆದು ಅದೇ ಓಟವನ್ನು ಮತ್ತೆ ನೋಡುವುದು, ಸೌಂಡ್ ಆಫ್ ಮಾಡಿ. ಜನ ಕೂಗುವುದು ಕೇಳಿಸಿದರೆ ಸಾಧಾರಣ ಓಟವೂ ಭಾರಿ ಅನಿಸಿಬಿಡುತ್ತದೆ. ಊರಿನ ನಮ್ಮ ಖೋ-ಖೋ ಕೋಚ್ ಮೇಡಮ್ ಎದುರಾಳಿಗಳ ಪ್ರ್ಯಾಕ್ಟೀಸ್ ನೋಡಲು ನಮ್ಮನ್ನು ಕರೆದುಕೊಂಡು ಹೋಗಿ, ಕಾಲು ಮಾತ್ರ ಕಾಣುವಂತೆ ಕುರ್ಚಿಯ ಕೆಳಗಿನಿಂದ ಬಗ್ಗಿ ನೋಡಿಸುತ್ತಿದ್ದರು. ಅದೇ ಅಭ್ಯಾಸ. ಗ್ರೆಗ್ ಮೊದಲು ನಕ್ಕ. ಆಮೇಲೆ ಅವನ ಮಾನಿಟರಿಗೂ ಒಂದು ರಟ್ಟು ಬಂತು.

ಇಲ್ಲಿ ಬೇಸಿಗೆ ಡಿಸೆಂಬರಿಗೆ ಶುರು. ಆ ಬೇಸಿಗೆ ಸಿಡ್ನಿಯಲ್ಲಿ ಬರ. ತೋಟಕ್ಕೆ ಪೈಪಿನಲ್ಲಿ ನೀರು ಬಿಡುವಂತಿರಲಿಲ್ಲ. ಟೂಂಗಾಬಿಯ ಹುಲ್ಲೆಲ್ಲ ಒಣಗಿ ಗೋಣಿಚೀಲದ ಬಣ್ಣಕ್ಕೆ ತಿರುಗಿತ್ತು. ಮಗಳನ್ನು ಪ್ರೀಸ್ಕೂಲಿಗೆ ಬಿಟ್ಟು, ರೈಲು ಹಿಡಿದು, ಸೇತುವೆ ದಾಟಿ ನಾರ್ತ್ ಸಿಡ್ನಿ ಮುಟ್ಟುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ ಗ್ರೆಗ್ ಡಿವಿಡಿಗಳ ಒಂದು ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟ.

"ಈ ಹುಡುಗ ನಿಮ್ಮ ಕಡೆಯವನು" ಎಂದ.

"ಕರ್ನಾಟಕದವನಾ?"

"ಬ್ಲ್ಯಾಕ್‌ಟೌನಿನವನು. ನಿಮ್ಮ ಟೂಂಗಾಬಿಯ ಪಕ್ಕ."

ಹುಡುಗನ ಹೆಸರು ಸಿಯೋನೆ. ಟೋಂಗಾ ದ್ವೀಪದಿಂದ ಬಂದ ಕುಟುಂಬ. ಇಲ್ಲಿ ಶಾಲೆಯಲ್ಲಿ ರಗ್ಬಿ ಆಡುತ್ತಿದ್ದವನನ್ನು ಅಮೆರಿಕದ ಒಂದು ಕಾಲೇಜು ಸ್ಕಾಲರ್‌ಶಿಪ್ ಕೊಟ್ಟು ಕರೆದುಕೊಂಡು ಹೋಗಿತ್ತು. ಅಲ್ಲಿ ರನ್ನಿಂಗ್ ಬ್ಯಾಕ್ ಆದ. ದೊಡ್ಡ ಕಾಲೇಜಲ್ಲ. ಡ್ರಾಫ್ಟ್‌ಗೆ ಮೊದಲು ಎಲ್ಲ ತಂಡಗಳೂ ಒಂದೆಡೆ ಸೇರಿ ಹುಡುಗರ ಮೈ, ಓಟ, ಎಲುಬು ಪರೀಕ್ಷೆ ಮಾಡುತ್ತಾರಲ್ಲ, ಅಲ್ಲಿಗೆ ಅವನಿಗೆ ಕರೆ ಬಂದಿರಲಿಲ್ಲ. ಆದರೂ ಒಂದು ತಂಡಕ್ಕೆ ಆಸೆ ಹುಟ್ಟಿತ್ತು, ಕೊನೆಯ ಸರದಿಗಳಲ್ಲಿ ಇವನನ್ನು ಆರಿಸಬಹುದೇ ಎಂದು. ಅದಕ್ಕೆ ನಮ್ಮ ವರದಿ ಬೇಕಿತ್ತು.

ಚೆನ್ನಾಗಿ ಓಡುತ್ತಿದ್ದ, ಅದರಲ್ಲಿ ಸುಳ್ಳಿಲ್ಲ. ಸಂದಿ ತೆರೆಯುವವರೆಗೆ ತಾಳಿಕೊಂಡು ನಿಲ್ಲುವ ಬುದ್ಧಿ ಇತ್ತು. ಹೆಚ್ಚಿನ ಹುಡುಗರಿಗೆ ಅದು ಬರುವುದಿಲ್ಲ. ಚೆಂಡು ಸಿಕ್ಕ ಕೂಡಲೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ. ಮೊದಲ ಪಂದ್ಯಗಳನ್ನು ನಾನು ರಟ್ಟು ತೆಗೆದು ಖುಷಿಗೇ ನೋಡಿದೆ. ಸೀಸನ್ನಿನ ನಡುವಿಗೆ ಬಂದಾಗ ಏನೋ ಹಿಡಿಸದಾಯಿತು. ಮತ್ತೆ ರಟ್ಟು ಅಂಟಿಸಿ ನೋಡಿದೆ. ಹುಡುಗ ಬಲಕ್ಕೆ ಹೊರಳುತ್ತಿರಲಿಲ್ಲ. ಬಲಕ್ಕೆ ಹೊರಳಬೇಕಾದರೆ ಎಡಗಾಲು ಊರಿ ನೆಲವನ್ನು ತಳ್ಳಬೇಕು. ಇವನು ಆ ಜಾಗಕ್ಕೆ ಬಂದಾಗಲೆಲ್ಲ ಪುಟ್ಟ ಪುಟ್ಟ ಹೆಜ್ಜೆ ಇಟ್ಟು, ಬಂಡಿ ತಿರುಗಿಸಿದ ಹಾಗೆ ಸುತ್ತಿಕೊಂಡು ಹೋಗುತ್ತಿದ್ದ. ಬಲಗಡೆ ಬಾಗಿಲು ತೆರೆದಿದ್ದರೂ ಎಡಕ್ಕೇ ಹೋಗಿ ಹೊಡೆಸಿಕೊಳ್ಳುತ್ತಿದ್ದ. ಎಡ ಮಂಡಿ ಕೆಟ್ಟಿತ್ತು. ಯಾರಿಗೂ ಹೇಳದೆ ಅದರ ಮೇಲೇ ಆಡುತ್ತಿದ್ದ.

ಗ್ರೆಗ್‌ಗೆ ಹೇಳೋಣವೆಂದು ಎದ್ದವಳು ಮತ್ತೆ ಕೂತೆ. ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡೇ ಹೇಳುವುದು ಎಂದುಕೊಂಡೆ. ಅಷ್ಟರಲ್ಲಿ ಅವನೇ ಬಂದು, "ತಂಡದವರಿಗೆ ಮನೆಯ ವಿಷಯವೂ ಬೇಕಂತೆ. ತಾಯಿ ಹೇಗೆ, ಹುಡುಗ ಎಂಥವನು ಅಂತ. ನೀನು ಅಲ್ಲೇ ಹತ್ತಿರ ಇರೋದು, ಒಂದು ಸಲ ಹೋಗಿ ಬಾ" ಎಂದ. ನನ್ನ ಗ್ರಹಚಾರ, ಹೂಂ ಎಂದೆ.

ಹೋದದ್ದು ಒಂದು ಭಾನುವಾರ, ಅವರು ಚರ್ಚಿನಿಂದ ಬಂದ ಮೇಲೆ. ತಾಯಿಯ ಹೆಸರು ಮೆಲೆ. ಗಂಡ ತೀರಿಕೊಂಡಿದ್ದ, ಸಿಯೋನೆಯ ಕೆಳಗೆ ಹೆಣ್ಣುಮಕ್ಕಳು. ವೃದ್ಧಾಶ್ರಮದಲ್ಲಿ ಕೆಲಸ ಮಾಡುವ, ಬಾಗಿಲು ತುಂಬುವಷ್ಟು ದೊಡ್ಡ ಹೆಂಗಸು. ದನಿ ಮಾತ್ರ ಬಹಳ ಮೆತ್ತಗೆ. ಆಕೆಯ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ನಮಗೆ ಪರಸ್ಪರ ಬೇಗ ಅರ್ಥವಾಯಿತು. ಫೋನಿನಲ್ಲಿ ನಾನು ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಆಕೆ ನನಗೆಂದೇ ಬೇರೆ ಮಾಡಿದ್ದಳು: ಕೆಸುವಿನ ಎಲೆಯಲ್ಲಿ ಈರುಳ್ಳಿ, ತೆಂಗಿನಹಾಲು ಸುತ್ತಿ ಬೇಯಿಸಿದ ಗಂಟುಗಳು. ಚಾಪೆಯ ಮೇಲೆ ನನ್ನನ್ನು ಕೂರಿಸಿ, ನಾನು ಸಾಕು ಸಾಕು ಅಂದರೂ ಬಿಡದೆ ಬಡಿಸಿದಳು. ಅವರೆಲ್ಲ ನನ್ನ ಊಟ ಮುಗಿಯುವವರೆಗೆ ಕಾದರು. ಅತಿಥಿ ಉಂಡ ಮೇಲೆಯೇ ಅವರದ್ದಂತೆ.

ಕೈ ತೊಳೆದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದೆ. ಮಗ ಆಡುವುದನ್ನು ಆಕೆ ಒಮ್ಮೆಯೂ ನೋಡಿರಲಿಲ್ಲ. ಆ ಕಾಲೇಜಿನ ಪಂದ್ಯಗಳು ಇಲ್ಲಿನ ಟಿವಿಯಲ್ಲಿ ಬರುತ್ತಿರಲಿಲ್ಲ. ಮೊದಲ ಓಟಕ್ಕೆ ಮಕ್ಕಳು ಕೂಗಿದರು, ಮೆಲೆ ತೊಡೆ ತಟ್ಟಿ ನಕ್ಕಳು. ನಾನು ಬೇಕೆಂದೇ ಹಳೆಯ ಪಂದ್ಯಗಳನ್ನು ಹಾಕಿದ್ದೆ. ಆದರೆ ಡಿವಿಡಿ ಓಡುತ್ತಾ ಓಡುತ್ತಾ ಸೀಸನ್ನಿನ ನಡುವಿನ ಪಂದ್ಯಕ್ಕೆ ಹೋಯಿತು. ಮೆಲೆಯ ನಗು ನಿಂತಿತು. ಹೆಣ್ಣುಮಕ್ಕಳನ್ನು ಅಡುಗೆಮನೆಗೆ ಕಳಿಸಿದಳು.

"ಈ ಕಡೆ ಜಾಗ ಇತ್ತಲ್ಲ. ಯಾಕೆ ಹೋಗಲಿಲ್ಲ?" ಎಂದು ಪರದೆಯ ಬಲಗಡೆ ಬೆರಳಿಟ್ಟಳು.

ನಾನು ವಿಡಿಯೊ ನಿಲ್ಲಿಸಿದೆ.

"ನಿಮಗೂ ಕಂಡಿದೆ."

"ಕಂಡಿದೆ" ಎಂದೆ.

"ಬರೀತೀರಾ?"

"ಅದೇ ನನ್ನ ಕೆಲಸ."

ಆಕೆ ಕೂಗಾಡಲಿಲ್ಲ, ಅಳಲಿಲ್ಲ. ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ನನಗೆ ಹೇಳಿದಳು. "ಬರೀಬೇಡಿ. ಅವರು ಮೊದಲು ಇವನನ್ನು ತಗೊಳ್ಳಲಿ. ತಗೊಂಡ ಮೇಲೆ ಇವನ ಕಾಲು ಅವರ ಕಾಲು. ಅವರ ಡಾಕ್ಟರು, ಅವರ ಆಪರೇಶನ್ನು. ಈಗ ಗೊತ್ತಾದರೆ ಯಾರಿಗೂ ಬೇಡ ಇವನು. ಕಾಲೇಜೂ ಮುಗೀತು. ಅಲ್ಲಿ ಒಬ್ಬನೇ ಕುಂಟ್ತಾ ಇರ್ತಾನೆ. ಚಿಕ್ಕಂದಿನಿಂದ ಇವನಿಗೆ ಬೇರೆ ಏನೂ ಬೇಡ, ಇದೊಂದೇ."

ಆಕೆಯ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಅದೇ ಸರಿ ಎನ್ನಲೂ ಆಗಲಿಲ್ಲ. ಆ ಮಂಡಿಯ ಮೇಲೆ ಇನ್ನೂ ದೊಡ್ಡ ಆಟ ಆಡಲು ಹೋದರೆ, ಇನ್ನೂ ದೊಡ್ಡ ಗಂಡಸರು ಬಂದು ಅಪ್ಪಳಿಸಿದರೆ, ಡಾಕ್ಟರಿಗೆ ರಿಪೇರಿ ಮಾಡಲು ಏನು ಉಳಿದಿರುತ್ತದೆ? ನೋಡೋಣ ಎಂದಷ್ಟೇ ಹೇಳಿ ಎದ್ದೆ. ಡಿವಿಡಿಯನ್ನು ಆಕೆ ಕೇಳಿದಳು; ಆಫೀಸಿನಲ್ಲಿ ಇನ್ನೊಂದು ಪ್ರತಿ ಇತ್ತು, ಕೊಟ್ಟೆ. ಹೊರಡುವಾಗ ಸುಧಾಕರ್‌ಗೆಂದು ಎರಡು ಎಲೆಗಂಟು ಕಟ್ಟಿಕೊಟ್ಟಳು. ಅವರು ಒಂದು ತುತ್ತು ತಿಂದು, "ಇದು ನಮ್ಮ ಪತ್ರೊಡೆಯ ದಾಯಾದಿಯೇ ಸೈ" ಎಂದು ಬೆರಳು ನೆಕ್ಕಿದರು. ನನಗೆ ಸಿಟ್ಟು ಬಂತು. ಯಾಕೆಂದು ಅವರಿಗೆ ಗೊತ್ತಾಗಲಿಲ್ಲ ಪಾಪ.

ಆಮೇಲಿನ ವಾರಗಳು ಹೇಗೆ ಕಳೆದವೋ. ಬಿಸಿಲು ಇಳಿಯಲಿಲ್ಲ. ರಾಶಿ ರಾಶಿ ಬೇರೆ ಹುಡುಗರನ್ನು ನೋಡಿದೆ, ಬರೆದೆ, ಕಳಿಸಿದೆ. ಸಿಯೋನೆಯ ವರದಿಯಲ್ಲಿ ತಾಳ್ಮೆ, ಕೈಯ ಹಿಡಿತ, ಕಣ್ಣು ಎಲ್ಲ ಬರೆದು ಆಗಿತ್ತು. ಕಾಲಿನ ಜಾಗ ಖಾಲಿ. ಗ್ರೆಗ್ ಕೇಳಿದಾಗಲೆಲ್ಲ ಇನ್ನೊಂದು ಸಲ ನೋಡಬೇಕು ಅನ್ನುತ್ತಿದ್ದೆ. ನಿಜಕ್ಕೂ ನೋಡುತ್ತಿದ್ದೆ; ಈ ಸಲವಾದರೂ ಎಡಗಾಲು ಊರಿ ಬಲಕ್ಕೆ ಹೊರಳುತ್ತಾನೇನೋ ಎಂದು ಕಾಯುವವಳ ಹಾಗೆ. ಮುಗಿದುಹೋದ ಪಂದ್ಯ ಬದಲಾಗುತ್ತದೆಯೇ? ರೈಲಿನಲ್ಲಿ ಎದುರು ಕೂತವರ ಮಂಡಿಗಳನ್ನು ದಿಟ್ಟಿಸುವ ಚಾಳಿ ಹತ್ತಿತು. ಒಬ್ಬ ಮುದುಕ ನನ್ನ ನೋಟ ಕಂಡು ಪೇಪರನ್ನು ತೊಡೆಯ ಮೇಲೆ ಹರಡಿಕೊಂಡ.

ಒಂದು ಸಂಜೆ ಸುಧಾಕರ್‌ಗೆ ಎಲ್ಲ ಹೇಳಿದೆ. "ನೀವ ಹೇಳ್ರಿ, ಏನ್ ಬರೀಲಿ ನಾ?"

"ಕಂಡದ್ದು ಬರಿ. ನಿಂಗೆ ಸಂಬಳ ಕೊಡುವುದು ಅದಕ್ಕೇ ಅಲ್ವಾ?"

"ಅವರ ಮನ್ಯಾಗ ಉಂಡು ಬಂದೀನ್ರೀ."

"ಹಾಗಾದ್ರೆ ಬರೀಬೇಡ."

"ಬರೀಲಿಲ್ಲಂದ್ರ ಆ ಹುಡುಗನ ಕಾಲು?"

"ಎಂತ ಶೈಲಾ, ನೀನು ನನ್ನತ್ರ ಉತ್ತರ ಕೇಳುವುದಾ, ಜಗಳ ಮಾಡುವುದಾ?" ಎಂದು ಅವರು ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ಹೋಗದೆ ಏನು ಮಾಡಿಯಾರು?

ಮಾರ್ಚ್ ಕೊನೆಗೆ ಮೆಲ್ಬರ್ನಿನ ಹೆಡ್ ಆಫೀಸಿನಲ್ಲಿ ಸಭೆ. ಆ ವರ್ಷದ ಎಲ್ಲ ಹುಡುಗರ ವರದಿಗಳನ್ನು ಅಲ್ಲಿ ಒಬ್ಬೊಬ್ಬರಾಗಿ ಓದಿ, ಒಪ್ಪಿ, ಕಳಿಸಿಬಿಡುವುದು ರೂಢಿ. ಗ್ರೆಗ್ ಜೊತೆ ಬೆಳಗಿನ ವಿಮಾನದಲ್ಲಿ ಹೋದೆ. ಇಳಿದಾಗ ಬೆಂಕಿಯಂಥ ಗಾಳಿ. ಟ್ರ್ಯಾಮಿನಿಂದ ಇಳಿಯುವಷ್ಟರಲ್ಲಿ ಗಾಳಿ ದಿಕ್ಕು ಬದಲಾಯಿಸಿ ಹಲ್ಲು ಕಟಕಟ ಅನ್ನತೊಡಗಿತ್ತು. ತಂದಿದ್ದ ಒಂದೇ ಶಾಲನ್ನು ಹೊದ್ದು, ಬ್ಯಾಗಿನಲ್ಲಿ ಆ ಅರ್ಧ ವರದಿ ಇಟ್ಟುಕೊಂಡು ಕಾದೆ. ಸರದಿ ಬಂದಾಗ ಬಾಯಿಗೆ ಏನು ಬರುತ್ತದೋ ಅದೇ ನನ್ನ ತೀರ್ಮಾನ ಎಂದುಕೊಂಡಿದ್ದೆ. ಬಾಯಿಗೆ ಏನು ಬರುತ್ತಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಯಾಕೆಂದರೆ ಸಿಯೋನೆಯ ಹೆಸರು ಬಂದ ಕೂಡಲೇ ಗ್ರೆಗ್ ಕೈ ಎತ್ತಿದ. "ಅದು ಬೇಡ. ತಂಡದವರು ಅವನನ್ನು ಕೈಬಿಟ್ಟಿದ್ದಾರೆ. ನಿನ್ನೆ ಮೇಲ್ ಬಂತು. ಮಂಡಿ ಹೋಗಿದೆಯಂತೆ. ಮನೆಯವರ ಜೊತೆ ಫೋನಿನಲ್ಲಿ ಮಾತಾಡುವಾಗ ಗೊತ್ತಾಯಿತಂತೆ."

"ಮನೆಯವರು ಅಂದರೆ?"

"ಅಷ್ಟೇ ಬರೆದಿದ್ದಾರೆ. ಇಂಥ ಸುದ್ದಿ ಒಂದೇ ತಂಡದಲ್ಲಿ ನಿಲ್ಲಲ್ಲ, ಶೈಲಾ. ಮುಂದಿನ ಹುಡುಗ ಯಾರು?"

ನನಗೆ ಮೊದಲು ಆದದ್ದು ನಿರಾಳ. ವಾರಗಟ್ಟಲೆ ತಲೆಯ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿಕೊಂಡಿದ್ದರು. ಆಮೇಲೆ ಸಿಟ್ಟು ಬಂತು. ಬೇರೆಲ್ಲೋ, ಒಂದು ಫೋನಿನಲ್ಲಿ, ಎರಡು ಮಾತಿನಲ್ಲಿ ಮುಗಿದುಹೋಗುವ ವಿಷಯಕ್ಕೆ ನಾನು ಬೇಸಿಗೆಯೆಲ್ಲ ಬೆಂದಿದ್ದೆ. ವಾಪಸು ವಿಮಾನದಲ್ಲಿ ಇಡೀ ದಾರಿ ನಿದ್ದೆ ಹೋದೆ. ಏಪ್ರಿಲ್‌ನಲ್ಲಿ ಡ್ರಾಫ್ಟ್ ನಡೆಯಿತು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ ಹೆಸರುಗಳನ್ನು ನೋಡಿದೆ. ಯಾವ ತಂಡವೂ ಅವನನ್ನು ಕರೆದಿರಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಮೆಲೆ ಫೋನ್ ಮಾಡಿ, ಸ್ವಲ್ಪ ಮಾತಾಡಬೇಕು ಎಂದಳು. ಟೂಂಗಾಬಿ ಸ್ಟೇಷನ್ನಿನ ಹೊರಗಿನ ಬೆಂಚಿನಲ್ಲಿ ಕೂತೆವು. ಕೆಲಸದ ಯೂನಿಫಾರ್ಮಿನಲ್ಲೇ ಬಂದಿದ್ದಳು. ಕಣ್ಣ ಕೆಳಗೆ ಕಪ್ಪಾಗಿತ್ತು. ನಾನು ಬರೆಯಲಿಲ್ಲ, ವರದಿ ಕಳಿಸಲೇ ಇಲ್ಲ, ನನ್ನಿಂದ ಏನೂ ಆಗಿಲ್ಲ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಗೊತ್ತು" ಎಂದಳು ಮೆಲೆ. "ಹೇಳಿದ್ದು ನಾನು."

ಆಕೆ ನನ್ನ ಕಡೆಗೆ ತಿರುಗಿ ಕೂತಳು.

"ನೀವು ಕೊಟ್ಟ ಡಿವಿಡಿ ದಿನಾ ಹಾಕಿ ನೋಡ್ತಿದ್ದೆ. ಹುಡುಗಿಯರು ಬೈತಿದ್ದರು. ಅಮೆರಿಕದಿಂದ ಒಬ್ಬರು ಫೋನ್ ಮಾಡಿದರು. ಬಹಳ ಮರ್ಯಾದೆಯಿಂದ ಮಾತಾಡಿದರು. ನಿಮ್ಮ ಮಗ ಮನೆಯಲ್ಲಿ ಎಂಥವನು ಅಂತ ಕೇಳಿದರು. ಒಳ್ಳೆಯವನು ಅಂದೆ. ದೇವರಿಗೆ ಹೆದರುವವನು ಅಂದೆ. ನೋವಾದರೆ ಹೇಳೋದಿಲ್ಲ ಅಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಏನು ನೋವು ಅಂತ ಕೇಳಿದರು. ಎಡ ಮಂಡಿ ಅಂದೆ."

ಒಂದು ರೈಲು ಬಂದು ಜನರನ್ನು ಇಳಿಸಿ ಹೋಯಿತು. ಮೆಲೆ ಅದು ಹೋಗುವವರೆಗೆ ಕಾದಳು.

"ಮುಂದಿನ ವಾರ ಬರ್ತಿದ್ದಾನೆ. ಇಲ್ಲೇ ಸರಕಾರಿ ಆಸ್ಪತ್ರೆಯಲ್ಲಿ ಆಪರೇಶನ್. ಯಾರು ಹೇಳಿದ್ದು ಅಂತ ಒಂದೇ ಸಮ ಕೇಳ್ತಿದ್ದಾನೆ. ಆಫೀಸಿನ ಇಂಡಿಯನ್ ಹೆಂಗಸು ಮನೆಗೆ ಬಂದಿದ್ದರು ಅಂತ ತಂಗಿಯರು ಹೇಳಿದ್ದಾರೆ. ನೀವೇ ಅಂದುಕೊಂಡಿದ್ದಾನೆ. ನಾನು ಅಲ್ಲ ಅನ್ನಲಿಲ್ಲ."

ಏನು ಕೇಳಲು ಬಂದಿದ್ದಾಳೆಂದು ನನಗೆ ಆಗ ಹೊಳೆಯಿತು.

"ಅವನು ಹಾಗೇ ಅಂದುಕೊಂಡಿರಲಿ" ಎಂದಳು. "ನೀವು ಅವನಿಗೆ ಯಾರೂ ಅಲ್ಲ. ನಿಮ್ಮ ಮೇಲೆ ಸಿಟ್ಟಿದ್ದರೆ ಅವನಿಗೇನೂ ಆಗೋದಿಲ್ಲ. ನಾನು ಅವನ ಜೊತೆ ಒಂದೇ ಮನೆಯಲ್ಲಿ ಇರಬೇಕು. ಆಪರೇಶನ್ ಆದ ಮೇಲೆ ಅವನ ಕಾಲನ್ನು ದಿನಾ ನಾನೇ ಹಿಡಿದು ಎತ್ತಬೇಕು. ನನ್ನ ಕೈ ಮುಟ್ಟೋಕೆ ಅವನು ಬಿಡಬೇಕಲ್ಲ."

ಹೀಗೆ ಕೇಳುವುದು ಅನ್ಯಾಯ, ನನಗೆ ಗೊತ್ತಿತ್ತು. ಆಕೆಗೂ ಗೊತ್ತಿತ್ತು. ಆಗಲಿ ಎಂದೆ. ಎಲ್ಲಾದರೂ ಎದುರಾದರೆ ಆಕೆ ನನ್ನ ಗುರುತು ತೋರಿಸುವುದಿಲ್ಲ, ನಾನೂ ತೋರಿಸುವುದಿಲ್ಲ ಎಂದು ಅಲ್ಲೇ ಮಾತಾಯಿತು. ಮನೆಗೆ ಬಂದು ಹೇಳಿದರೆ ಸುಧಾಕರ್ ರೇಗಿದರು. "ನೀನು ಎಂತಕ್ಕೆ ಒಪ್ಪಿಕೊಂಡದ್ದು? ಮಾಡದ ತಪ್ಪಿಗೆ?"

"ಸಾಕಾಗಿತ್ರೀ" ಎಂದೆ. "ಒಲ್ಲೆ ಅನ್ನಾಕ ಮೈಯಾಗ ಶಕ್ತಿ ಇರಲಿಲ್ಲ."

ಅದು ಅರ್ಧ ನಿಜ. ಇನ್ನರ್ಧ ಏನೆಂದರೆ, ನಾನು ವಾರಗಟ್ಟಲೆ ಹೇಳಲೋ ಬೇಡವೋ ಎಂದು ಒದ್ದಾಡಿದ ಮಾತನ್ನು ಆಕೆ ಹೇಳಿ ಮುಗಿಸಿದ್ದಳು. ಅದರ ಭಾರದಲ್ಲಿ ಸ್ವಲ್ಪ ನಾನು ಹೊರುವುದು ತೀರಾ ಹೆಚ್ಚೆಂದು ಅನಿಸಲಿಲ್ಲ.

ಚಳಿಗಾಲ ಬಂತು, ಹೋಯಿತು. ಆ ಹೊತ್ತಿಗೆ ನಾನು ಆ ಕೆಲಸ ಬಿಟ್ಟು ಪ್ಯಾರಮಟ್ಟಾದ ಒಂದು ಇನ್ಶೂರೆನ್ಸ್ ಆಫೀಸು ಸೇರಿದ್ದೆ. ಕಣ್ಣಿಗೆ ರಜೆ ಬೇಕಾಗಿತ್ತು. ಒಂದು ಶನಿವಾರ ಟೂಂಗಾಬಿಯ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಯಾರೋ ಬಂದು ನಿಂತಂತಾಯಿತು. ತಲೆ ಎತ್ತಿ ನೋಡಿದರೆ ಸಿಯೋನೆ. ಮುಖವನ್ನು ಗುರುತಿಸಲು ಒಂದು ಕ್ಷಣ ಬೇಕಾಯಿತು; ಅದನ್ನು ನಾನು ಸರಿಯಾಗಿ ನೋಡಿದ್ದೇ ಕಡಿಮೆ. ಅವನ ತಂಗಿ ದೂರದಿಂದ ನನ್ನನ್ನು ತೋರಿಸಿರಬೇಕು. ಆಚೆ ಕೆಸುವಿನ ಎಲೆಗಳ ಕಟ್ಟಿನ ಮುಂದೆ ಮೆಲೆ ನಿಂತಿದ್ದಳು, ಬೆನ್ನು ನಮ್ಮ ಕಡೆಗೆ.

"ಆಂಟಿ, ನೀವು ಆ ವಿಡಿಯೊ ಆಫೀಸಿನವರಾ?" ದನಿ ತಾಯಿಯದ್ದೇ, ಮೆತ್ತಗೆ.

"ಹೌದಪ್ಪ."

"ನನ್ನ ಮಂಡಿಯ ವಿಷಯ ಹೇಳಿದ್ದು ನೀವಾ?"

"ಹೌದು, ನಾನೇ."

ಬೈದಿದ್ದರೆ ತಡೆದುಕೊಳ್ಳಲು ತಯಾರಾಗಿದ್ದೆ. ಅವನು ಬೈಯಲಿಲ್ಲ. ನಿಜವಾಗಿ ಅರ್ಥವಾಗದೆ ಕೇಳುವವನ ಹಾಗೆ ಕೇಳಿದ.

"ನಮ್ಮಮ್ಮ ನಿಮಗೆ ಅಂತಲೇ ಬೇರೆ ಅಡುಗೆ ಮಾಡಿ ಬಡಿಸಿದ್ದಳಲ್ಲ?"

"ಬಡಿಸಿದ್ದರು" ಎಂದೆ.

ಅವನು ತಲೆಯಾಡಿಸಿ ಹೊರಟ. ನನ್ನ ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಅಕ್ಕಿ ಮೂಟೆಗಳ ಹತ್ತಿರ ಬಲಕ್ಕೆ ತಿರುಗಬೇಕಾದಲ್ಲಿ, ಎಡಗಾಲನ್ನು ಪೂರ್ತಿ ನೆಲಕ್ಕೆ ಊರಿ, ಸಲೀಸಾಗಿ ತಿರುಗಿ ಹೋದ. ಮೆಲೆ ಎಲೆಯ ಕಟ್ಟನ್ನು ಬುಟ್ಟಿಗೆ ಹಾಕಿಕೊಂಡಳು. ಕಪಾಟುಗಳ ನಡುವಿನ ಆ ಸಂದಿಯಲ್ಲಿ ಇಬ್ಬರಿಗೆ ಜಾಗ ಸಾಲುತ್ತಿರಲಿಲ್ಲ. ನಾನು ತುಸು ಸರಿದು ನಿಂತೆ. ಆಕೆ ಗುರುತಿಲ್ಲದವಳ ಹಾಗೆ ನನ್ನನ್ನು ದಾಟಿ ಮಗನ ಹಿಂದೆ ಹೋದಳು.